ಮೊದಲ ಮಗು ನಮ್ಮದೇ

ನನ್ನ ಮಗಳಿಗೆ ಒಂಬತ್ತು ತಿಂಗಳು ತುಂಬಿದ ಕೂಡಲೇ ದಡಾರದ ಚುಚ್ಚುಮದ್ದು ಹಾಕಿಸಬೇಕಿತ್ತು. ಹಾಕಿಸಲಿಲ್ಲ. ಹಾಗಂತ ನಮ್ಮ ಮನೆಯಲ್ಲಿ ಚುಚ್ಚುಮದ್ದನ್ನು ನಂಬದವರು ಯಾರೂ ಇರಲಿಲ್ಲ. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ. ನಂಬದವರಾಗಿದ್ದರೆ ಕೂಗಾಡಿ, ಅತ್ತು, ತವರಿಗೆ ಹೋಗುತ್ತೇನೆಂದು ಹೆದರಿಸಿ ಕೆಲಸ ಮಾಡಿಸಿಕೊಳ್ಳಬಹುದಿತ್ತು. ಅತಿಯಾಗಿ ನಂಬುವವರ ಜೊತೆ ಹೇಗೆ ಜಗಳವಾಡುವುದು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ನಾನು ಬೆಳೆದದ್ದು ವಿಮಾನಪುರದ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ನಾನು ಶಾಲೆಗೆ ಸೇರುವ ಮೊದಲೇ ಅಪ್ಪ, ಅಮ್ಮ ಬೌದ್ಧರಾಗಿದ್ದರು. ನಮ್ಮ ಬ್ಲಾಕಿನಲ್ಲಿ ಕೇರಳದವರು, ಆಂಧ್ರದವರು, ಬಂಗಾಳದವರು ಎಲ್ಲರೂ ಇದ್ದದ್ದರಿಂದ ಯಾರು ಯಾವ ದೇವರನ್ನು ಬಿಟ್ಟರು, ಯಾರು ಹಿಡಿದರು ಎಂದು ವಿಚಾರಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸೂಜಿ ಎಂದರೆ ಡಿಸ್ಪೆನ್ಸರಿಯ ಬೆಂಚಿನ ಮೇಲೆ ಕೂರುವುದು, ಅಳುವುದು, ಬರುವಾಗ ಬೇಕರಿಯಲ್ಲಿ ಬನ್ನು ಕೊಡಿಸಿಕೊಳ್ಳುವುದು. ಅದರಲ್ಲೂ ಒಂದು ಸಿದ್ಧಾಂತ ಇರುತ್ತದೆ ಎಂದು ಗೊತ್ತಾದದ್ದು ಮದುವೆಯಾಗಿ ದೊಮ್ಮಲೂರಿನ ಕಾಲೋನಿಗೆ ಬಂದ ಮೇಲೆ.

ಗಂಡನ ಮನೆಯವರೂ ಬೌದ್ಧರೇ, ಆದರೆ ಅವರ ಕಥೆ ಬೇರೆ. ಕಾಲೋನಿಯ ಪಕ್ಕದ ಹಳೇ ಊರಿನ ಅಮ್ಮನ ಗುಡಿಯಲ್ಲಿ ತಲೆತಲಾಂತರದಿಂದ ತಮಟೆ ಬಾರಿಸುತ್ತಿದ್ದ ಮನೆ ಅದು. ನನ್ನ ಮಾವ ದೀಕ್ಷೆ ತೆಗೆದುಕೊಂಡ ವರ್ಷ, ಇನ್ನು ತಮಟೆ ಮುಟ್ಟುವುದಿಲ್ಲ ಎಂದುಬಿಟ್ಟರು. ಊರಿನ ಹಿರಿಯರು ಜಗಳಕ್ಕೇನೂ ಬರಲಿಲ್ಲ. ಅವರ ಹೊಲಗಳ ಜಾಗದಲ್ಲಿ ಅಷ್ಟು ಹೊತ್ತಿಗೆ ಬಾಡಿಗೆ ಕಟ್ಟಡಗಳು ಎದ್ದಿದ್ದವು, ಅವರಿಗೂ ಬೇರೆ ಚಿಂತೆಗಳಿದ್ದವು. "ಬಿಡಪ್ಪ, ನಾವೇನೂ ಕೇಳಲ್ಲ. ಕೇಳೋಳು ಕೇಳ್ತಾಳೆ" ಎಂದರಂತೆ, ಅಷ್ಟೇ. ಕೆಲವು ವರ್ಷದ ಮೇಲೆ ಮಾವ ಹೃದಯಾಘಾತದಿಂದ ಹೋದರು. ಬೀಡಿ ಸೇದುವವರು, ಸಕ್ಕರೆ ಕಾಯಿಲೆ ಬೇರೆ ಇತ್ತು. ಆದರೂ ಸಾವಿಗೆ ಬಂದ ಯಾರೋ ಬಾಗಿಲಲ್ಲಿ ನಿಂತು "ಕೇಳಿದ್ಲು ನೋಡು" ಎಂದದ್ದು ಅತ್ತೆಯ ಕಿವಿಗೆ ಬಿತ್ತು. ಅಲ್ಲಿಂದೀಚೆಗೆ ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅದು ಬರೀ ಜ್ವರವಾಗಿ ಉಳಿಯಲಿಲ್ಲ. ಕೆಮ್ಮುವುದಾದರೂ ಅತ್ತೆ ಕಿಟಕಿ ಮುಚ್ಚಿಕೊಂಡು ಕೆಮ್ಮುತ್ತಿದ್ದರು.

ನನ್ನ ಗಂಡ ಹಿಡಿದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ರಿಂಗ್ ರಸ್ತೆಯ ಒಂದು ಆಫೀಸಿನಲ್ಲಿ ಅವರು ಎಲೆಕ್ಟ್ರಿಕಲ್ ಸೂಪರ್‌ವೈಸರ್. ಭಾನುವಾರ ನಮ್ಮ ವಿಹಾರದ ಕಾರ್ಯದರ್ಶಿ. ವಿಹಾರ ಎಂದರೆ ಸೈಕಲ್ ಅಂಗಡಿಯ ಮೇಲಿನ ಶೀಟಿನ ಹಾಲ್. ಅಮಾವಾಸ್ಯೆಯ ದಿನ ಗಾಡಿ ತೆಗೆದುಕೊಳ್ಳುವುದು, ರಾಹುಕಾಲದಲ್ಲಿ ಹಾಲುಕ್ಕಿಸುವುದು, ಎಲ್ಲವನ್ನೂ ನಾಲ್ಕು ಜನರನ್ನು ಕರೆದು ಅವರೆದುರಿಗೇ ಮಾಡುವ ಮನುಷ್ಯ. ನಾನು ತುಂಬಿದ ಬಸುರಿಯಾಗಿದ್ದಾಗ ಗ್ರಹಣ ಬಂತು. ವಿಹಾರದ ಮೆಟ್ಟಿಲ ಮೇಲೆ ಕೂರಿಸಿ ಎಲ್ಲರೆದುರು ನನಗೆ ಇಡ್ಲಿ ತಿನ್ನಿಸಿದರು. ಹಸಿವಿತ್ತು, ತಿಂದೆ. ಚಪ್ಪಾಳೆ ತಟ್ಟಿದಾಗ ಮಾತ್ರ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಮಗಳ ಮೊದಲ ಸೂಜಿಗಳೆಲ್ಲ ಆಸ್ಪತ್ರೆಯಲ್ಲಿ, ಆಮೇಲೆ ಆರೋಗ್ಯ ಕೇಂದ್ರದಲ್ಲಿ ಸದ್ದಿಲ್ಲದೆ ಆಗಿಹೋದವು. ತೊಡಕಾದದ್ದು ದಡಾರದ್ದಕ್ಕೆ. ನಮ್ಮ ಬೀದಿಯಲ್ಲಿ ದಡಾರವನ್ನು ಕಾಯಿಲೆ ಎನ್ನುವುದಿಲ್ಲ, ಅಮ್ಮ ಎನ್ನುತ್ತಾರೆ. ಅಮ್ಮ ಬಂದಳು, ಅಮ್ಮ ಇಳಿದಳು. ಕಾಲೋನಿಯಲ್ಲಿ ಬೌದ್ಧರ ಮನೆಗಳು ಕೆಲವೇ. ಪೋಲಿಯೋ ಹನಿಗೆ ಎದ್ದು ಬಿದ್ದು ಓಡಿಬರುವ ನಮ್ಮ ತಾಯಂದಿರೇ ಇದೊಂದಕ್ಕೆ ಹಿಂದೆ ಸರಿಯುತ್ತಿದ್ದರು. ಹಿಂದಿನ ವರ್ಷ ನಮ್ಮವರದೇ ಒಂದು ಮಗುವಿಗೆ ಈ ಸೂಜಿಯಾದ ಮೇಲೆ ಮೈಮೇಲೆ ನಾಲ್ಕು ಗುಳ್ಳೆ ಎದ್ದು ತಾನಾಗಿ ಹೋಗಿತ್ತು. ಅಷ್ಟಕ್ಕೇ "ಬಿಟ್ಟೋರ ಮನೆಗೇ ಮೊದ್ಲು ಬರ್ತಾಳೆ" ಎಂಬ ಮಾತು ಹಳೇ ಊರಿನಿಂದ ಹೊರಟು ನಮ್ಮ ನಲ್ಲಿಯ ತನಕ ಬಂದಿತ್ತು. ನಮ್ಮವರ ಹೆದರಿಕೆ ಸೂಜಿಯದ್ದಲ್ಲ, ಗುಳ್ಳೆಯದ್ದೂ ಅಲ್ಲ. ಗುಳ್ಳೆ ಎದ್ದರೆ ಬಾಗಿಲಿಗೆ ಬರುವ ಮಾತಿನದ್ದು. ನನ್ನ ಗಂಡ ಮನೆಮನೆಗೆ ಹೋಗಿ ತಿಳಿಸಿ ಹೇಳಿದಾಗ ಎಲ್ಲರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು. "ಮೊದ್ಲು ನಿಮ್ ಪಾಪೂಗೆ ಹಾಕ್ಸಿ ಸಾರ್. ನೋಡ್ಕೊಂಡು ನಾವೂ ಹಾಕಿಸ್ತೀವಿ."

"ಮೊದಲ್ನೇ ಮಗು ನಮ್ಮದೇ" ಎಂದು ಇವರು ಮಾತು ಕೊಟ್ಟು ಬಂದರು. ಆರೋಗ್ಯ ಕೇಂದ್ರದವರ ಜೊತೆ ಮಾತಾಡಿ ವೈಶಾಖ ಹುಣ್ಣಿಮೆಯ ದಿನ ವಿಹಾರದಲ್ಲೇ ಕ್ಯಾಂಪು ಎಂದು ಗೊತ್ತುಮಾಡಿದರು. ಮಗಳಿಗೆ ಬಿಳಿ ಫ್ರಾಕು ಹೊಲಿಯಲು ಕೊಟ್ಟರು. ಫ್ಲೆಕ್ಸಿನಲ್ಲಿ ಅವಳ ಫೋಟೊ ಹಾಕಿಸುತ್ತೇನೆ ಎಂದಾಗ ನನಗೆ ರೇಗಿಹೋಯಿತು.

"ಹುಣ್ಣಿಮೆಗೆ ಇನ್ನೂ ಎಷ್ಟೊಂದು ದಿನ ಇದೆ. ಗುರುವಾರ ಸೆಂಟರ್‌ನಲ್ಲಿ ಹಾಕ್ತಾರೆ, ನಾನೇ ಹೋಗಿ ಹಾಕಿಸ್ಕೊಂಡ್ ಬಂದ್ಬಿಡ್ತೀನಿ" ಎಂದೆ.

"ಈಗ್ಲೇ ಹಾಕ್ಸಿದ್ರೆ ಅವತ್ತು ಯಾರಿಗೆ ಹಾಕ್ಸೋದು? ಹಾಕಿಸ್ಕೊಂಡ್ರಂತೆ ಅಂದ್ರೆ ಜನ ನಂಬಲ್ಲ ಕಣೇ. ಕಣ್ಣಾರೆ ನೋಡ್ಬೇಕು."

"ಮಗು ಏನು ಡೆಮೋ ಪೀಸಾ?"

"ನಮ್ಮ ಮಗು ಮುಂದೆ ನಿಂತ್ರೆ ಅದರ ಹಿಂದೆ ಎಷ್ಟು ಮಕ್ಕಳು ನಿಲ್ತಾರೆ, ಅದನ್ನೂ ಸ್ವಲ್ಪ ಯೋಚ್ನೆ ಮಾಡು."

ಯೋಚನೆ ಮಾಡಿದೆ. ಕಷ್ಟ ಇದ್ದದ್ದು ಅಲ್ಲೇ. ಅವರ ಮಾತು ಸುಳ್ಳಾಗಿರಲಿಲ್ಲ. ಆ ತಾಯಂದಿರು ನನ್ನನ್ನು ನಲ್ಲಿಯ ಹತ್ತಿರ ಕಂಡಾಗಲೆಲ್ಲ ಮಗಳ ಕೆನ್ನೆ ಹಿಂಡಿ "ಹುಣ್ಣಿಮೆಗೆ ನೋಡೋಣ ಇವಳ ಧೈರ್ಯಾನ" ಎನ್ನುತ್ತಿದ್ದರು. ನನ್ನ ಮಗಳ ಒಂದು ತೋಳಿನ ಮೇಲೆ ಇನ್ನೂ ಎಷ್ಟೋ ಮಕ್ಕಳ ಸೂಜಿ ನಿಂತಿತ್ತು. ಸರಿ ಎಂದೆ. ಮನಸ್ಸು ಮಾತ್ರ ಸರಿ ಎನ್ನಲಿಲ್ಲ. ಬೆಳಗ್ಗೆ ಎದ್ದು ಅವಳ ಹಣೆ ಮುಟ್ಟಿ ನೋಡುವ ಚಾಳಿ ನನಗೆ ಅಂಟಿಕೊಂಡದ್ದು ಆಗಲೇ.

ಹುಣ್ಣಿಮೆ ಇನ್ನೂ ದೂರ ಇರುವಾಗಲೇ ಎದುರು ವಠಾರದ ಬಾಗಿಲಿಗೆ ಬೇವಿನ ಸೊಪ್ಪು ಬಂತು. ಅಲ್ಲಿನ ಬಾಡಿಗೆಯವರ ಹುಡುಗಿಗೆ ದಡಾರ. ಅವತ್ತು ಗುರುವಾರ. ನಾನು ಮಗಳನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದೆ. ಬಾಗಿಲಲ್ಲಿ ಅತ್ತೆ ಅಡ್ಡ ನಿಂತರು.

"ಬೀದೀಲಿ ಅವಳು ಇರೋವಾಗ ಮಗೂಗೆ ಸೂಜಿ ಚುಚ್ಚಿಸ್ತಾರೇನಮ್ಮ? ಇಳಿದು ಹೋಗ್ಲಿ, ಆಮೇಲೆ ಹತ್ತು ಚುಚ್ಚಿಸು."

"ಅತ್ತೆ, ನಾವು ಅವಳನ್ನ ಬಿಟ್ಟಾಯ್ತಲ್ಲ. ದೀಕ್ಷೆ ತಗೊಳ್ಳೋವಾಗ ನೀವೂ ಕೈ ಎತ್ತಿದ್ರಲ್ಲ."

"ಕೈ ಎತ್ತಿದೀನಿ, ಇಲ್ಲ ಅಂದ್ನಾ? ನಾನೇನು ಅವಳಿಗೆ ಕೈ ಮುಗೀತಿದೀನಾ? ಮರ್ಯಾದೆ ಕೊಡ್ತಿದೀನಿ ಅಷ್ಟೇ. ಬಾಡಿಗೆ ಬಿಟ್ಟೋದ ಮನೆ ಓನರ್ ಎದುರಿಗೆ ಬಂದ್ರೆ ಪಕ್ಕಕ್ಕೆ ಸರಿಯಲ್ವಾ, ಹಂಗೆ."

ಬೇರೆ ಯಾವ ದಿನವಾಗಿದ್ದರೂ ನಾನು ನಕ್ಕುಬಿಡುತ್ತಿದ್ದೆ. ಆದರೆ ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಗಂಡನ ಕಡೆ ನೋಡಿದೆ. ಇಂಥ ಮಾತಿಗೆ ತಾಯಿಯ ಮೇಲೆ ಹರಿಹಾಯುವ ಮನುಷ್ಯ ಅವತ್ತು ಅವರ ಪಕ್ಕಕ್ಕೇ ಬಂದು ನಿಂತರು. ಕಾರಣ ಬೇರೆಯಾದರೂ ಅವರಿಗೂ ಬೇಕಾದದ್ದು ಅದೇ ಆಗಿತ್ತು. "ಇನ್ನೊಂದೆರಡು ವಾರ ಕಣೇ. ಮಗೂನ ಹೊರಗೆ ಬಿಡಬೇಡ, ಸಾಕು" ಎಂದರು. ದೇವಿಗೆ ಹೆದರಿದವರು, ದೇವಿಗೆ ಹೆದರೆವು ಎಂದು ತೋರಿಸಬೇಕಾದವರು, ಇಬ್ಬರೂ ಒಂದೇ ಬಾಗಿಲಲ್ಲಿ ನಿಂತು ನನಗೆ ಅಡ್ಡಗಟ್ಟಿದರು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ.

ಮಗಳನ್ನು ಹೊರಗೆ ಬಿಡದಿರುವುದು ಎಂದರೇನು? ನಮ್ಮ ಬೀದಿಯಲ್ಲಿ ಒಂದು ಮನೆಯ ಕುಕ್ಕರ್ ಕೂಗಿದರೆ ಇನ್ನೊಂದು ಮನೆಯವರು ಒಲೆ ಆರಿಸುತ್ತಾರೆ. ಗೋಡೆಗೆ ಗೋಡೆ, ಬಾಗಿಲಿಗೆ ಬಾಗಿಲು. ಹೊರಗೆ ಯಾರಾದರೂ ಕೆಮ್ಮಿದರೆ ನಾನು ಮಗಳನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದೆ. ಬೇವಿನ ಸೊಪ್ಪು ಮೂಲೆ ಮನೆಗೂ ಬಂತು. ಬಿಸಿಲು ಏರುತ್ತಿತ್ತು. ಕಿಟಕಿ ಮುಚ್ಚಿದ ಮನೆಯಲ್ಲಿ ಮಗು ಬೆವರಿ ಅಳುತ್ತಿತ್ತು, ಹಣೆ ಮುಟ್ಟಿದರೆ ಬಿಸಿಲ ಕಾವೋ ಜ್ವರವೋ ಗೊತ್ತಾಗುತ್ತಿರಲಿಲ್ಲ. ನಾನು ಇಂದಿರಾನಗರದ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಬೇಸಿಗೆ ರಜೆ. ಶಾಲೆಯಾದರೂ ಇದ್ದಿದ್ದರೆ ಅರ್ಧ ದಿನ ಬೇರೇನಾದರೂ ಯೋಚಿಸುತ್ತಿದ್ದೆನೋ ಏನೋ.

ಮುಂದಿನ ಗುರುವಾರ ಯಾರನ್ನೂ ಕೇಳಲಿಲ್ಲ. ಗಂಡ ಆಫೀಸಿಗೆ ಹೋಗಿದ್ದರು, ಅತ್ತೆ ರೇಷನ್ನಿಗೆ. ಮಗಳನ್ನು ಎತ್ತಿಕೊಂಡು ಫ್ಲೈಓವರ್ ಕೆಳಗಿನಿಂದ ನಡೆದು ಆರೋಗ್ಯ ಕೇಂದ್ರಕ್ಕೆ ಹೋದೆ. ಸಾಲು ಉದ್ದವಿತ್ತು. ನಮ್ಮ ಸರದಿ ಬರುವ ಹೊತ್ತಿಗೆ ಅವಳು ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡು ಮಲಗಿಬಿಟ್ಟಿದ್ದಳು. ಅವಳು ಆ ಹೊತ್ತಿನಲ್ಲಿ ಮಲಗುವವಳಲ್ಲ. ನರ್ಸಮ್ಮ ಕೈ ಮುಟ್ಟಿದರು, ಮುಖ ತಿರುಗಿಸಿದರು. ಕಣ್ಣು ಕೆಂಪಾಗಿತ್ತು, ಮೂಗು ಸುರಿಯುತ್ತಿತ್ತು.

"ಜ್ವರ ಜಾಸ್ತಿ ಇದೆ. ಇವತ್ತು ಹಾಕೋಕಾಗಲ್ಲಮ್ಮ. ಡಾಕ್ಟರಿಗೆ ತೋರ್ಸಿ."

"ಹೋದ ಗುರುವಾರ ಬಂದಿದ್ರೆ?" ಎಂದು ಕೇಳಿದೆ. ಅವರು ಹಿಂದಿನವರನ್ನು ಕರೆದರು.

ಕೇಂದ್ರದ ಡಾಕ್ಟರು ಕೊಟ್ಟ ಸಿರಪ್ಪಿಗೆ ಎರಡು ದಿನ ಜ್ವರ ಇಳಿಯಲಿಲ್ಲ. ಶನಿವಾರ ಮಧ್ಯಾಹ್ನ ನಾನು ಮಗಳ ಪಕ್ಕ ಒರಗಿದ್ದಾಗ ಅತ್ತೆ ಅವಳ ಮೈ ಒರೆಸಿ ಅಡುಗೆಮನೆಗೆ ಹೋದರು. ಆಮೇಲೆ ಊಟಕ್ಕೆ ಬಡಿಸಿದಾಗ ಸಾರಿಗೆ ಒಗ್ಗರಣೆ ಬಿದ್ದಿರಲಿಲ್ಲ. ಶನಿವಾರ ಅರ್ಧ ದಿನ ಮುಗಿಸಿ ಬಂದಿದ್ದ ಗಂಡ ಒಂದು ತುತ್ತು ತಿಂದು ತಟ್ಟೆ ನೋಡಿದರು.

"ಒಗ್ಗರಣೆ ಯಾಕಿಲ್ಲಮ್ಮ?"

"ಎಣ್ಣೆ ಮುಗ್ದಿತ್ತು."

ಎಣ್ಣೆಯ ಡಬ್ಬ ಅವರ ಹಿಂದಿನ ಶೆಲ್ಫಿನಲ್ಲೇ ಇತ್ತು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ ಎಂಬುದು ತಮಟೆ ಬಿಟ್ಟ ಮನೆಯ ಮಗನಿಗೂ ಗೊತ್ತು. ಅವರು ಎಂಜಲು ಕೈಯಲ್ಲೇ ಎದ್ದು ಬಂದು, ಎಡಗೈಯಿಂದ ಮಗಳ ಕಿವಿಯ ಹಿಂದಿನ ಕೂದಲು ಸರಿಸಿದರು. ಅಲ್ಲಿ ಕೆಂಪಗೆ ಎದ್ದಿತ್ತು. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ಮಗನ ಮುಖ ನೋಡಿದರು. ನಾನೇ ಹೇಳಿದೆ. "ದಡಾರ."

"ಯಾರಿಗೂ ಹೇಳ್ಬೇಡಿ" ಎಂದರು ಗಂಡ.

ಹತ್ತಿರದ ಡಾಕ್ಟರ ಹತ್ತಿರ ಕಾಲೋನಿಯವರೆಲ್ಲ ಬರುತ್ತಾರೆ ಎಂದು ನಮ್ಮನ್ನು ರಾಮಮೂರ್ತಿ ನಗರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಷ್ಟು ದೂರ, ಆ ಟ್ರಾಫಿಕ್ಕಿನಲ್ಲಿ, ಜ್ವರದ ಮಗುವಿನ ಮುಖಕ್ಕೆ ನನ್ನ ದುಪಟ್ಟಾ ಹೊದಿಸಿಕೊಂಡು. ಡಾಕ್ಟರು ಔಷಧಿ ಬರೆದು, ಉಸಿರಾಟದ ಮೇಲೆ ಕಣ್ಣಿಡಿ ಎಂದರು. ಅದಾದ ಮೇಲೆ ನಾನು ಬೇರೇನೂ ಮಾಡಲಿಲ್ಲ. ಅವಳ ಎದೆ ಏರುವುದು ಇಳಿಯುವುದು ನೋಡುತ್ತಾ ಕೂತೆ.

ಇಲ್ಲೇ ಹೇಳಿಬಿಡುತ್ತೇನೆ, ಅವಳು ಉಳಿದಳು. ಕಥೆ ಹೇಳುವವರು ಇಂಥ ಕಡೆ ಓದುವವರನ್ನು ಕಾಯಿಸುತ್ತಾರೆ. ಕಾಯಿಸುವುದು ಎಂದರೇನು ಎಂದು ತಿಳಿದ ಮೇಲೆ ನನಗೆ ಅದು ಬೇಡವಾಗಿದೆ. ಈಗ ಶಾಲೆಗೆ ಹೋಗುತ್ತಾಳೆ. ಬಲಗಿವಿ ಸೋರಿ ಸೋರಿ ಮಂದವಾಗಿದೆ. ಬಲಗಡೆಯಿಂದ ಕರೆದರೆ ತಿರುಗಿ ನೋಡುವುದು ಸ್ವಲ್ಪ ತಡ. ಅವಳು ತಡ ಮಾಡಿದಾಗಲೆಲ್ಲ ನಾನು ಎಡಗಡೆಗೆ ಹೋಗಿ ಕರೆಯುತ್ತೇನೆ, ಮಗು ಏನೂ ಅರಿಯದೆ "ಏನಮ್ಮಾ?" ಎನ್ನುತ್ತದೆ.

ಗುಳ್ಳೆ ಹೊಟ್ಟೆಯ ತನಕ ಇಳಿದಿದ್ದ ದಿನ ಆಶಾ ಕಾರ್ಯಕರ್ತೆ ಬೀದಿಗೆ ಬಂದರು. ಎದುರು ಮನೆಯ ಸುದ್ದಿ ಕೇಂದ್ರಕ್ಕೆ ಮುಟ್ಟಿತ್ತು. ಒಂದೊಂದೇ ಬಾಗಿಲು ತಟ್ಟಿ, ಜ್ವರ, ಗುಳ್ಳೆ ಇರುವ ಮಕ್ಕಳು ಇದ್ದಾರೆಯೇ ಎಂದು ಕೇಳುತ್ತಾ ಬರುತ್ತಿದ್ದರು. ಗಂಡ ರಜೆ ಹಾಕಿ ಮನೆಯಲ್ಲೇ ಇದ್ದರು. ನಾನು ಒಳಕೋಣೆಯಲ್ಲಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಆ ತಟ್ಟುವ ಸದ್ದು ಹತ್ತಿರವಾಗುವುದನ್ನು ಕೇಳುತ್ತಿದ್ದೆ. ನಮ್ಮ ಬಾಗಿಲಿಗೆ ಬಂತು.

"ಸಾರ್, ನೀವೇ ಅಲ್ವಾ ಕ್ಯಾಂಪ್ ಇಟ್ಟಿರೋದು? ನಿಮ್ಮನೇಲಿ ಯಾರಿಗಾದ್ರೂ ಗುಳ್ಳೆ, ಜ್ವರ?"

"ಇಲ್ಲ. ನಮ್ಮನೇಲಿ ಯಾರಿಗೂ ಇಲ್ಲ."

ಇಷ್ಟು ವರ್ಷ ಕಿಟಕಿ ಮುಚ್ಚಿ ಕೆಮ್ಮಿದವರು ಅತ್ತೆ. ಅದನ್ನು ನೋಡಿ ತಲೆ ತಲೆ ಚಚ್ಚಿಕೊಂಡವರು ಇವರು. ಅಂಥ ಇವರೇ ನಿಂತ ನಿಲುವಿನಲ್ಲಿ ಇಲ್ಲ ಎಂದರು. ನನಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಈ ಬಾಗಿಲು ಮುಚ್ಚಿದರೆ ನನ್ನ ಮಗಳನ್ನು ನೋಡುವವರು ಇನ್ನು ಯಾರೂ ಇಲ್ಲ ಎನ್ನಿಸಿತು. ಅವಳನ್ನು ಎತ್ತಿಕೊಂಡು ಹೊರಗೆ ಬಂದೆ.

"ಇದೆ. ಒಳಗೆ ಬನ್ನಿ" ಎಂದೆ.

ಆಶಾ ಕಾರ್ಯಕರ್ತೆ ನನ್ನ ಗಂಡನ ಮುಖ ನೋಡಲಿಲ್ಲ, ಅದಕ್ಕೆ ಅವರಿಗೆ ನಾನು ಋಣಿ. ಚಪ್ಪಲಿ ಬಿಟ್ಟು ಒಳಗೆ ಬಂದು ಮಗಳ ಅಂಗಿ ಎತ್ತಿ ನೋಡಿದರು. ಅತ್ತೆ ನೀರು ತಂದುಕೊಟ್ಟು ಗೋಡೆಗೆ ಒರಗಿ ನಿಂತರು.

"ಸೂಜಿ ಆಗಿರ್ಲಿಲ್ವಾ ಮೇಡಂ?"

"ಇಲ್ಲ."

"ಯಾಕೆ? ಊರಲ್ಲಿರ್ಲಿಲ್ವಾ? ಹುಷಾರಿರ್ಲಿಲ್ವಾ? ಕಾರಣ ಬರ್ಕೋಬೇಕು."

ಎಲ್ಲರೆದುರು ಹಾಕಿಸಬೇಕೆಂದು ಕಾದೆವು ಎನ್ನುವುದನ್ನು ಹೇಗೆ ಹೇಳುವುದು? ಬಾಗಿಲ ಹತ್ತಿರ ನಿಂತಿದ್ದ ಗಂಡ ಹೇಳಿದರು.

"ಹೆದರಿಕೆ ಅಂತ ಬರ್ಕೊಳ್ಳಿ."

"ಸೂಜಿಗಾ ಸಾರ್?"

"ಜನಕ್ಕೆ" ಎಂದರು.

ಆಶಾ ಏನು ಬರೆದುಕೊಂಡರೋ ನಾನು ನೋಡಲಿಲ್ಲ. ಅವರ ಕಣ್ಣು ಮಗಳ ಎದೆಯ ಮೇಲೆ ನಿಂತಿತ್ತು, ನನ್ನದೂ ಅಲ್ಲೇ. "ಉಸಿರು ಜೋರಾಗಿ ಓಡ್ತಿದೆ ಮೇಡಂ. ಕಾಯ್ಬೇಡಿ, ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗಿ" ಎಂದರು. ಅತ್ತೆ ಆ ಮಾತು ಮುಗಿಯುವ ಮೊದಲೇ ಹೊರಟರು, ಬೀದಿಯ ತುದಿಯಲ್ಲಿ ಆಟೋ ಹಿಡಿಯಲು. ನಾನು ಬಟ್ಟೆ, ನೀರು ತುಂಬಿಕೊಳ್ಳುವಷ್ಟರಲ್ಲಿ ಗಂಡ ಮಗಳನ್ನು ಎತ್ತಿಕೊಂಡಿದ್ದರು. ನಾನು ಕೊಟ್ಟ ದುಪಟ್ಟಾವನ್ನು ಅವಳ ಮುಖಕ್ಕೆ ಹೊದಿಸಲಿಲ್ಲ.

ಬೀದಿಯ ಎಲ್ಲ ಬಾಗಿಲಲ್ಲೂ ಜನ ನಿಂತಿದ್ದರು. ಪಕ್ಕದ ಮನೆಯವಳು, ನಮ್ಮ ವಿಹಾರಕ್ಕೇ ಬರುವವಳು, ಕಂಕುಳಲ್ಲಿ ಮಗು ಇಟ್ಟುಕೊಂಡು ಕೇಳಿದಳು. "ಏನಾಯ್ತು ಸಾರ್ ಪಾಪೂಗೆ?"

"ದಡಾರ. ಸೂಜಿ ಹಾಕ್ಸಿರ್ಲಿಲ್ಲ. ನಾನೇ ಬೇಡ ಅಂದಿದ್ದೆ, ಕ್ಯಾಂಪಿಗೆ ಕಾಯೋಣ ಅಂತ." ಗಂಡ ನಿಂತುಬಿಟ್ಟರು. ದನಿ ವಿಹಾರದಲ್ಲಿ ಮಾತಾಡುವಾಗಿನದಲ್ಲ, ಒಡೆದು ಹೋಗಿತ್ತು. "ನೀನು ಕಾಯ್ಬೇಡಮ್ಮ. ಇವತ್ತೇ ಕರ್ಕೊಂಡೋಗು."

ಮುಂದಿನ ಬಾಗಿಲಲ್ಲೂ ನಿಂತರು. ಅಲ್ಲೂ ಅದೇ ಹೇಳಿದರು, ಮಗಳನ್ನು ಸ್ವಲ್ಪ ಮುಂದಕ್ಕೆ ಹಿಡಿದು, ಅವರಿಗೆ ಕಾಣುವ ಹಾಗೆ. ಅದರಾಚೆಯ ಬಾಗಿಲಿಗೆ ತಿರುಗಿದರು. ಮಗಳ ಪಕ್ಕೆ ಉಸಿರಿಗೊಮ್ಮೆ ಒಳಕ್ಕೆ ಸೆಳೆಯುತ್ತಿತ್ತು. ನಾನು ಅವರ ಅಂಗಿ ಹಿಡಿದು ಎಳೆದೆ.

"ನಡೀರಿ. ಆಮೇಲೆ ಹೇಳೋರಂತೆ."

"ಇವರಿಗೆ ಈಗ ಹೇಳ್ಲಿಲ್ಲ ಅಂದ್ರೆ ಹುಣ್ಣಿಮೆ ತನಕ ಕಾಯ್ತಾರೆ ಕಣೇ. ನನ್ ಮಾತು ಕೇಳ್ಕೊಂಡು ಕೂತಿದಾರೆ."

ಆಗಲೂ ಅವರ ಮಾತು ಸುಳ್ಳಾಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆ ಮಕ್ಕಳನ್ನೆಲ್ಲ ನಾನೂ ನೋಡಿದೆ. ಆದರೆ ನಾನು ಕೈ ಚಾಚಿ ಮಗಳನ್ನು ಅವರ ತೋಳಿನಿಂದ ಬಿಡಿಸಿಕೊಂಡೆ. ಅವರು ಒಂದು ಕ್ಷಣ ಬಿಡಲಿಲ್ಲ, ಆಮೇಲೆ ಬಿಟ್ಟರು.

"ನೀವು ಹೇಳಿ ಬನ್ನಿ" ಎಂದೆ. "ಎಲ್ರಿಗೂ ಹೇಳಿ. ಇವಳನ್ನ ಎತ್ಕೊಂಡು ಬೇಡ."

ಬೀದಿಯ ತುದಿಯಲ್ಲಿ ಅತ್ತೆ ಆಟೋದೊಳಗೆ ಕೂತು ಕೈ ಚಾಚಿದ್ದರು. ನಾನು ಮಗಳನ್ನು ಅವಚಿಕೊಂಡು ಓಡಿದೆ. ನಾವು ಹೊರಟಾಗ ಗಂಡ ಖಾಲಿ ಕೈಯಲ್ಲಿ ಇನ್ನೊಂದು ಬಾಗಿಲು ತಟ್ಟುತ್ತಿದ್ದರು.